ಕಮಾನಿನ ಕೆಳಗೆ ಮಟ್ಟೆ ಟ್ರಾಕ್ಟರು

ಮನುಷ್ಯ ಎಷ್ಟೇ ಎತ್ತರಕ್ಕೆ ಏರಿದರೂ ಕೊನೆಗೆ ನೆಲ ಮುಟ್ಟಲೇಬೇಕು ಎಂಬುದು ಹಿರಿಯರು ಬಹಳ ಯೋಚಿಸಿ ಕಂಡುಕೊಂಡ ಸತ್ಯ. ನಮ್ಮ ಹೈಸ್ಕೂಲಿನ ಗೇಟಿಗೆ ಬರಬೇಕಿದ್ದ ಕಮಾನಿನ ಮಟ್ಟಿಗೆ ಈ ಸತ್ಯ ಇನ್ನೂ ಕೊಂಚ ಖಚಿತವಾಗಿತ್ತು: ಅದು ಸೊನ್ನೆ ಅಡಿಯಲ್ಲಿ ಒಮ್ಮೆ, ಇಪ್ಪತ್ತು ಅಡಿಯಲ್ಲಿ ಇನ್ನೊಮ್ಮೆ ನೆಲ ಮುಟ್ಟಬೇಕಿತ್ತು. ಆ ಎರಡು ಕಡೆ ಗುಂಡಿ ತೋಡಿ, ಕಾಂಕ್ರೀಟ್ ಹಾಕಿ, ಬೋಲ್ಟು ಹೂತು, ಒದ್ದೆ ಗೋಣಿಚೀಲ ಹೊದಿಸಿ ಎಲ್ಲ ಮುಗಿದ ಮೇಲೆ, ಮಧ್ಯದಲ್ಲಿ ಏನು ಬರಬೇಕೆಂದು ಕೇಳಲು ನನ್ನನ್ನು ಕರೆದರು.

ಕರೆದವರು ನಮ್ಮ ಹೆಡ್ಮಾಸ್ಟರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಉತ್ಸಾಹಿ. ನಾನು ಗಣಿತದ ಮೇಷ್ಟ್ರು, ನಿವೃತ್ತಿಗೆ ಹತ್ತಿರವಾದವನು, ಉತ್ಸಾಹ ಕಂಡರೆ ಮಂಡಿ ನೋಯುತ್ತದೆ. ಬೇಸಿಗೆ ರಜೆ ಬಂದಿತ್ತು. ಉತ್ತರಪತ್ರಿಕೆ ತಿದ್ದಿ, ಮನೆಮನೆ ಸಮೀಕ್ಷೆ ಮುಗಿಸಿ, ತರಬೇತಿಯೊಂದರಲ್ಲಿ ಮೂರು ದಿನ ಕೂತು, ಇನ್ನು ಮಲಗಬಹುದು ಎಂದುಕೊಂಡಿದ್ದ ವಾರ ಅದು.

ಹೆಡ್ಮಾಸ್ಟರು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. "ನೋಡ್ರೀ ಮೇಷ್ಟ್ರೇ, ಹಿಂಗೆ ನೆಲದಿಂದ ಎದ್ದು ನೆಲಕ್ಕೇ ಇಳೀಬೇಕು. ಕಂಬ ಗಿಂಬ ಏನೂ ಇರಬಾರದು. ಇದು ಪರವಲಯ ತಾನೇ?"

"ಪರವಲಯವೇ."

"ಮತ್ತೆ ಎಂಜಿನಿಯರ್ ಯಾಕ್ರೀ, ನೀವಿದ್ದೀರಲ್ಲ. ಶಾಲೆಗೆ ಐವತ್ತು ತುಂಬೋದು ಇನ್ನು ಮೂರೇ ವಾರಕ್ಕೆ. ಆಹ್ವಾನಪತ್ರಿಕೇಲಿ ಕಮಾನಿನ ಉದ್ಘಾಟನೆ ಅಂತ ಅಚ್ಚು ಹಾಕಿಸ್ಬಿಟ್ಟಿದ್ದೀನಿ."

ಗಣಿತ ಮರೆತವರಿಗಾಗಿ ಎರಡು ಮಾತು. ಕಮಾನು ಎಲ್ಲೆಲ್ಲಿ ನೆಲ ಮುಟ್ಟುತ್ತದೆಂದು ಗೊತ್ತಾದರೆ ಅದರ ಸಮೀಕರಣ ಮುಕ್ಕಾಲು ಪಾಲು ಗೊತ್ತಾದಂತೆ. ಕಮಾನಿನ ಎಡಗಾಲಿನಿಂದ ಅಳೆದ ದೂರ x, ಅಲ್ಲಿ ಅದರ ಎತ್ತರ y ಎಂದಿಟ್ಟುಕೊಂಡರೆ, y = k·x(x − 20). x ಸೊನ್ನೆಯಾದಾಗಲೂ ಇಪ್ಪತ್ತಾದಾಗಲೂ ಎತ್ತರ ಸೊನ್ನೆ. ಉಳಿದ ಕಾಲು ಪಾಲು ಆ k. ಅದೇ ಎರಡು ಕಾಲಿನ ಮೇಲೆ ನಾಯಿ ನುಸುಳುವಷ್ಟು ಕಮಾನನ್ನೂ ನಿಲ್ಲಿಸಬಹುದು, ತೆಂಗಿನ ಮರದೆತ್ತರದ್ದನ್ನೂ ನಿಲ್ಲಿಸಬಹುದು. ಯಾವುದೆಂದು ತೀರ್ಮಾನವಾಗಬೇಕಾದರೆ ಕಮಾನು ಹಾದುಹೋಗಲೇಬೇಕಾದ ಇನ್ನೊಂದು ಬಿಂದು ಬೇಕು. ಪರೀಕ್ಷೆಯಲ್ಲಿ ಆ ಬಿಂದುವನ್ನು ಪ್ರಶ್ನೆಪತ್ರಿಕೆಯವರೇ ಕೊಟ್ಟಿರುತ್ತಾರೆ. ಇಲ್ಲಿ ನಾನೇ ಹೋಗಿ ತರಬೇಕಿತ್ತು.

ಬಿಂದು ಇದ್ದದ್ದು ಶಾಲೆಯ ಹಿಂದಿನ ತೋಟದಲ್ಲಿ. ನಮ್ಮೂರು ತುರುವೇಕೆರೆ ತಾಲ್ಲೂಕಿನಲ್ಲಿ, ದಂಡಿನಶಿವರದ ಕಡೆ ಹೋಗುವ ದಾರಿಯಲ್ಲಿದೆ. ಶಾಲೆಗೆ ಜಾಗ ಕೊಟ್ಟವರು ಆ ತೋಟದ ಯಜಮಾನರು. ಈಗ ಅವರಿಲ್ಲ, ತೋಟವನ್ನೂ ಅದರೊಳಗಿನ ಕೊಬ್ಬರಿ ಶೆಡ್ಡನ್ನೂ ನೋಡಿಕೊಳ್ಳುವವರು ಅವರ ಹೆಂಡತಿ, ಎಪ್ಪತ್ತು ದಾಟಿದ, ಊರೆಲ್ಲ ತೋಟದಮ್ಮ ಎಂದು ಕರೆಯುವ ಹೆಂಗಸು. ಜಾಗ ಕೊಡುವಾಗ ಒಂದು ಮಾತಾಗಿತ್ತು: ಶಾಲೆಯ ಗೇಟಿನಿಂದಲೇ ತೋಟದ ಗಾಡಿ ಹೋಗಿಬರುವುದು. ಬೇರೆ ದಾರಿ ಎಂದರೆ ಕೆರೆ ಏರಿ. ಅದರ ಮೇಲೆ ಎರಡು ಎಮ್ಮೆ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಹಾಗಾಗಿ ತೋಟದಮ್ಮನ ಟ್ರಾಕ್ಟರು ಕಮಾನಿನ ಕೆಳಗೆ ನುಸುಳಬೇಕು. ಲೆಕ್ಕದಲ್ಲಿದ್ದ ನಿರ್ಬಂಧ ಇದೊಂದೇ.

ಟೇಪು ಹಿಡಿದು ಹೋದೆ. ಆಗ ಕಾಯಿ ಕೀಳಿಸುವ ಕಾಲ. ಅವರ ಬೇರೆ ತೋಟಗಳ ಕಾಯಿಯೂ ಈ ಶೆಡ್ಡಿಗೇ ಬಂದು ಅಟ್ಟ ಸೇರುತ್ತದೆ. ಕಾಯಿ ತುಂಬಿ ಬಂದು ನಿಂತಿದ್ದ ಟ್ರೇಲರನ್ನು ಅಳೆದೆ: ಅಗಲ ಆರಡಿ, ಎತ್ತರ ಎಂಟೂವರೆ ಅಡಿ. ಇಪ್ಪತ್ತಡಿ ಬಾಗಿಲಿನ ನಟ್ಟನಡುವೆ ಹೋದರೆ ಲೋಡಿನ ಮೂಲೆ ಎಡಗಾಲಿನಿಂದ ಏಳಡಿಗೆ ಬರುತ್ತದೆ. ಏಳನ್ನು ಹದಿಮೂರರಿಂದ ಗುಣಿಸಿದರೆ ತೊಂಬತ್ತೊಂದು. ಮೂಲೆಯ ಮೇಲೆ ಅರ್ಧ ಅಡಿಗಿಂತ ಸ್ವಲ್ಪ ಹೆಚ್ಚು ಬಿಡುವು ಇರಲಿ ಎಂದು ಎತ್ತರವನ್ನು 9.1 ಅಡಿ ಎಂದು ಹಿಡಿದೆ. ಆಗ k ಎಂದರೆ −0.1, ನೆತ್ತಿ ಸರಿಯಾಗಿ ಹತ್ತಡಿ. 9.1 ಯಾಕೆ, 9 ಯಾಕಲ್ಲ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ: ಉತ್ತರ ಚೆನ್ನಾಗಿ ಬರಲೆಂದು. ಮೂವತ್ತು ವರ್ಷ ಉತ್ತರ ಚೆನ್ನಾಗಿ ಬರುವ ಲೆಕ್ಕಗಳನ್ನೇ ಹಾಕಿಕೊಟ್ಟವನಿಗೆ, ಚಿಲ್ಲರೆ ಉತ್ತರ ಕಂಡರೆ ಪ್ರಶ್ನೆಯೇ ತಪ್ಪು ಎನಿಸುತ್ತದೆ.

ಒಂದೊಂದು ಅಡಿಗೂ ಎತ್ತರ ಎಷ್ಟೆಂದು ಕೋಷ್ಟಕ ಬರೆದು ವೆಲ್ಡರ್‌ಗೆ ಕೊಟ್ಟೆ. ತಿಪಟೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಅವನು ನಮ್ಮ ಹಳೆಯ ವಿದ್ಯಾರ್ಥಿ, ಗಣಿತದಲ್ಲಿ ಎರಡು ಸಲ ಕೂತು ಮೂರನೆಯ ಸಲ ಎದ್ದವನು. ಹಾಳೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

"ಸಾ, ಇದೆಲ್ಲಾ ಎಲ್ಲಿ ಉಪಯೋಗುಕ್ಕೆ ಬತ್ತದೆ ಅಂತ ಅವತ್ತು ಕೇಳಿದ್ದುಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ರಿ."

"ಈಗ ಬಂತಲ್ಲಯ್ಯ."

"ಬಂತು ಬುಡಿ. ಇಪ್ಪತ್ತು ವರ್ಷ ಆಯ್ತು."

ಪೈಪು ಬಗ್ಗಿಸುವ ಮೊದಲು ಕಮಾನನ್ನು ಪೂರ್ತಿ ಅಳತೆಯಲ್ಲಿ ನೆಲದ ಮೇಲೆ ಬರೆದು ನೋಡುವುದು ಅವನ ಪದ್ಧತಿ. ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಇಪ್ಪತ್ತಡಿ ಗೆರೆ ಎಳೆದು, ಅಡಿಗೊಂದು ಗುರುತು ಹಾಕಿ, ಟೇಪು ಹಿಡಿದು ಎತ್ತರಗಳನ್ನು ಚುಕ್ಕಿಯಿಟ್ಟ. ಚುಕ್ಕಿ ಸೇರಿಸಿದ ಮೇಲೆ ದೂರ ನಿಂತು ಇಬ್ಬರೂ ನೋಡಿದೆವು. ಕಮಾನು ದುಂಡಗೆ ಏರಿ, ದುಂಡಗೆ ಇಳಿಯುವ ಬದಲು ನೆತ್ತಿಯಲ್ಲಿ ಚೂಪಾಗಿತ್ತು.

"ಸಾ, ಇದು ಯಾಕೋ ಜುಟ್ಟು ಬುಟ್ಟೈತೆ. ದೇವರಿಗೆ ಒಡೆಯೋ ಕಾಯಿ ಇದ್ದಂಗೆ."

ನನಗೆ ತಿಳಿದ ಬಿಂದು ಒಂದೇ, ಏಳನೆಯ ಅಡಿಯದ್ದು. ಅಲ್ಲಿಗೆ ಹೋಗಿ ಅಳೆಸಿದೆ. ಸರಿಯಾಗಿತ್ತು. ಬಿಸಿಲಿನಲ್ಲಿ ಕೂತು ಕೋಷ್ಟಕವನ್ನು ಮೂರು ಸಲ ಹೊಸದಾಗಿ ಲೆಕ್ಕ ಹಾಕಿದೆ. ಮೂರು ಸಲವೂ ಅದೇ ಬಂತು. ಪರವಲಯಕ್ಕೆ ಜುಟ್ಟಿರುವುದಿಲ್ಲ, ಈ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೊನೆಗೆ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಂಟನೆಯ ಅಡಿಯ ಎತ್ತರವನ್ನು ನನ್ನ ಕಣ್ಣೆದುರೇ ಅಳೆ ಎಂದೆ. ಹಾಳೆಯಲ್ಲಿ 9.6 ಇತ್ತು. ಅವನು ಟೇಪಿನಲ್ಲಿ ಒಂಬತ್ತಡಿ ಆರಂಗುಲಕ್ಕೆ ಹೆಬ್ಬೆರಳಿಟ್ಟ.

"ಅದು ಒಂಬತ್ತಡಿ ಏಳಂಗುಲ ಕಣಯ್ಯ."

"ಮತ್ತೆ ಆರು ಅಂತ ಯಾಕ್ ಬರೆದ್ರಿ?"

ಅಡಿಗೆ ಹತ್ತಲ್ಲ, ಹನ್ನೆರಡು ಅಂಗುಲ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವನು ಅವನು. ಅದನ್ನು ಮರೆತು ದಶಮಾಂಶದಲ್ಲಿ ಬರೆದವನು ನಾನು. ಏಳನೆಯ ಅಡಿಯ 9.1 ಅನ್ನು ಒಂಬತ್ತಡಿ ಒಂದಂಗುಲ ಎಂದು ಓದಿದರೂ ಆಗುವ ತಪ್ಪು ಕಾಲಂಗುಲವೂ ಇಲ್ಲ. ಇಡೀ ಕಮಾನಿನಲ್ಲಿ ಹೆಚ್ಚುಕಡಿಮೆ ಸರಿಯಾಗಿದ್ದ ಜಾಗಕ್ಕೇ ಹೋಗಿ ನಾವು ಪರೀಕ್ಷೆ ಮಾಡಿದ್ದೆವು. ಕೋಷ್ಟಕವನ್ನು ಅಡಿ, ಅಂಗುಲದಲ್ಲಿ ಮತ್ತೆ ಬರೆದುಕೊಟ್ಟೆ. ಅರ್ಧ ದಿನ ಹೋಯಿತು. ಜುಟ್ಟೂ ಹೋಯಿತು.

ವಾರದೊಳಗೆ ಪೈಪು ಬಾಗಿ, ಎರಡು ತುಂಡು ಬೆಸುಗೆಯಾಗಿ, ಕಮಾನು ಬೋಲ್ಟುಗಳ ಮೇಲೆ ನಿಂತಿತು. ಹೆಡ್ಮಾಸ್ಟರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು, ಮೊಬೈಲಿನ ಹಳೆಯ ಫೋಟೋದ ಪಕ್ಕ ಹಿಡಿದು ನೋಡಿ, "ಥೇಟ್ ಅದೇ ಕಣ್ರೀ" ಎಂದರು. ನಾನು ಮನೆಗೆ ಹೋಗಿ ಮಲಗುವ ಯೋಚನೆಯಲ್ಲಿದ್ದೆ. ಆಗ ತೋಟದ ಕಡೆಯಿಂದ ಟ್ರಾಕ್ಟರಿನ ಸದ್ದು ಕೇಳಿತು.

ಬಂದದ್ದು ಕಾಯಿ ಲೋಡಲ್ಲ, ಮಟ್ಟೆ ಲೋಡು. ಹೋದ ವರ್ಷ ಅಟ್ಟ ಸೇರಿದ ಕಾಯಿ ಒಳಗೇ ಒಣಗಿ ಕೊಬ್ಬರಿಯಾದ ಮೇಲೆ ಸುಲಿದರೆ, ಕೊಬ್ಬರಿ ಚೀಲದಲ್ಲಿ ಹೋಗುತ್ತದೆ, ಸಿಪ್ಪೆಯೆಲ್ಲ, ಅದೇ ಮಟ್ಟೆ, ಟ್ರೇಲರಿನಲ್ಲಿ ನಾರಿನ ಫ್ಯಾಕ್ಟರಿಗೆ ಹೋಗುತ್ತದೆ. ತೂಕವಿಲ್ಲದ ಸರಕಾದ್ದರಿಂದ ಟ್ರೇಲರಿನ ನಾಲ್ಕೂ ಕಡೆ ಬಿದಿರಿನ ಗಳ ನಿಲ್ಲಿಸಿ, ಬಲೆ ಕಟ್ಟಿ, ಗೋಪುರದ ಹಾಗೆ ಪೇರಿಸಿರುತ್ತಾರೆ. ಇಂಥ ಲೋಡನ್ನು ನಾನು ನೂರು ಸಲ ನೋಡಿದ್ದೇನೆ. ಸೈಕಲ್ ಇಳಿದು ದಾರಿ ಬಿಟ್ಟಿದ್ದೇನೆ. ಅದು ನನ್ನ ಕಮಾನಿಗಿಂತ ಎರಡಡಿ ಎತ್ತರವಿತ್ತು. ಡ್ರೈವರು ಬ್ರೇಕು ಹಾಕಿದ. ಮೇಲಿಂದ ನಾಲ್ಕು ಮಟ್ಟೆ ಉರುಳಿ ಬಿದ್ದವು.

ತೋಟದಮ್ಮ ಟ್ರಾಕ್ಟರಿನ ಹಿಂದೆಯೇ ನಡೆದು ಬರುತ್ತಿದ್ದರು.

"ಯಾಕ್ಲಾ ನಿಲ್ಲಿಸ್ದೆ?"

"ಬಾಗ್ಲು ಹಾಕವ್ರೆ ಕಣವ್ವಾ," ಎಂದ ಡ್ರೈವರು.

ಅವರು ಮುಂದೆ ಬಂದು ಕಮಾನನ್ನು ಈ ಕಾಲಿನಿಂದ ಆ ಕಾಲಿನವರೆಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಮೇಷ್ಟ್ರೇ, ಅವತ್ತು ಟೇಪ್ ಹಿಡ್ಕೊಂಡು ಅಳೆಯಕ್ಕೆ ಬಂದಿದ್ದು ನೀವೇ ಅಲ್ವಾ?"

"ನಾನೇ ಅಮ್ಮ. ಕಾಯಿ ಲೋಡು ಅಳೆದಿದ್ದೆ."

"ಕಾಯಿ ಒಳೀಕೆ ಹೋಯ್ತದೆ. ಹೊರೀಕೆ ಕಾಯಿ ಯಾವತ್ತು ಬಂದೈತೆ? ವರ್ಷ ಆದ್ಮೇಲೆ ಬರೋದು ಮಟ್ಟೆ. ತೆಂಗಿನ ಸೀಮೇಲಿ ಹುಟ್ಟಿ ಇಷ್ಟೂ ಗೊತ್ತಾಗ್ಲಿಲ್ವಾ ನಿಮ್ಗೆ?"

ಗೊತ್ತಿತ್ತು. ಗೊತ್ತಿದ್ದದ್ದು ಲೆಕ್ಕಕ್ಕೆ ಬಂದಿರಲಿಲ್ಲ.

ಹೆಡ್ಮಾಸ್ಟರು ಮುಂದೆ ಬಂದರು. "ಅಜ್ಜಿ, ವರ್ಷಕ್ಕೆ ಹತ್ತು ಲೋಡು ಅಷ್ಟೇ ತಾನೇ? ಏರಿ ಮೇಲೆ ಸುತ್ತಿಸಬಹುದಲ್ಲ?"

"ಏರಿ ಮ್ಯಾಲೆ ನೀನು ಸ್ಕೂಟ್ರು ಓಡ್ಸಿ ತೋರ್ಸು, ಆಮ್ಯಾಕೆ ನಾನು ಟ್ರಾಕ್ಟರ್ ಕಳಿಸ್ತೀನಿ. ಹಳೇ ಮಟ್ಟೆ ಹೊರಗೋಗ್ದೆ ಶೆಡ್ನಾಗೆ ಹೊಸ ಕಾಯಿ ಎಲ್ಲಿ ಸುರೀಲಿ, ನಿನ್ನ ಆಫೀಸ್ನಾಗಾ?"

"ಅಲ್ಲಾ, ದಾನಪತ್ರದಲ್ಲಿ ದಾರಿ ವಿಚಾರ ಏನೂ ಇಲ್ವಲ್ಲ, ಅದಕ್ಕೇ ಅಂದೆ."

"ನಾವು ಕೊಟ್ಟಿದ್ದು ಪತ್ರದಾಗೈತೆ ಕಣಪ್ಪ. ನೀವು ಕೊಟ್ಟಿದ್ದು ಬಾಯ್ನಾಗೈತೆ. ಅದುಕ್ಕೇ ಈಗ ಪತ್ರ ಹುಡುಕ್ತಿದ್ದೀಯ."

ಡ್ರೈವರು ಟ್ರಾಕ್ಟರನ್ನು ಹಿಂದಕ್ಕೆ ತೆಗೆದುಕೊಂಡು ಹೋದ. ಬಿದ್ದಿದ್ದ ನಾಲ್ಕು ಮಟ್ಟೆಗಳನ್ನು ತೋಟದಮ್ಮ ಎತ್ತಿಕೊಂಡು ಹೋದರು.

ಹೆಡ್ಮಾಸ್ಟರು ನನ್ನನ್ನು ಆಫೀಸಿಗೆ ಕರೆದು, ಕಮಾನಿನ ನಕ್ಷೆ ಸರಿಯಾಗಿದೆಯೆಂದು ಒಂದು ಹಾಳೆಯಲ್ಲಿ ಸಹಿ ಹಾಕಿಕೊಡಿ, ಆಮೇಲಿನದು ನಾನು ನೋಡಿಕೊಳ್ಳುತ್ತೇನೆ ಎಂದರು. ನಕ್ಷೆ ಸರಿಯಾಗಿಯೇ ಇತ್ತು. ತಪ್ಪಾಗಿದ್ದದ್ದು ಬಿಂದು. ಎರಡು ದಿನ ಕೊಡಿ ಎಂದು ಹೇಳಿ, ಟೇಪು ತೆಗೆದುಕೊಂಡು ಶೆಡ್ಡಿಗೆ ಹೋದೆ. ಸಮಾರಂಭಕ್ಕೆ ಹತ್ತು ದಿನ ಉಳಿದಿತ್ತು.

ಮಟ್ಟೆ ಲೋಡು ಅಲ್ಲೇ ನಿಂತಿತ್ತು. ಅಗಲ ಎಂಟಡಿ, ಎತ್ತರ ಹನ್ನೆರಡಡಿ. ನಡುವೆ ಹೋದರೆ ಮೂಲೆ ಆರಡಿಗೆ ಬರುತ್ತದೆ. ಆರು ಹದಿನಾಲ್ಕಲೆ ಎಂಬತ್ತನಾಲ್ಕು. ಎತ್ತರ 12.6 ಎಂದು ಹಿಡಿದರೆ k ಸರಿಯಾಗಿ −0.15, ನೆತ್ತಿ ಹದಿನೈದು ಅಡಿ. ಎಷ್ಟು ಚೆಂದದ ಉತ್ತರ! ಕಾಲುಗಳು ಇದ್ದಲ್ಲೇ ಇರುತ್ತವೆ, ಕಮಾನು ಐದಡಿ ಬೆಳೆಯುತ್ತದೆ, ಹೆಡ್ಮಾಸ್ಟರ ಫೋಟೋಕ್ಕೂ ಮೋಸವಿಲ್ಲ. ಮಟ್ಟೆ ಗುಡ್ಡೆಯ ಮೇಲೆ ಕೂತು ಈ ಸಂತೋಷವನ್ನು ಡ್ರೈವರಿಗೆ ಹೇಳಿದೆ. ಅವನು ಬೀಡಿ ಆರಿಸಿದ.

"ಮಧ್ಯದಾಗೆ ಯಾವನ್ ಸಾ ಹೋಗ್ತಾನೆ?"

"ಯಾಕೆ?"

"ಹೊರೀಕೆ ಬಂದೇಟ್ಗೆ ಬಲಕ್ಕೆ ತಿರುಗಬೇಕು. ಎದುರುಗಡೆ ಕರೆಂಟ್ ಕಂಬ. ಮಧ್ಯದಾಗೆ ಬಂದ್ರೆ ಮೂತಿ ಕಂಬಕ್ಕೋಯ್ತದೆ. ಎಡಗಡೆಗೆ ಒತ್ಕಂಡೇ ಬರಬೇಕು."

"ಎಷ್ಟು ಒತ್ತಿಕೊಂಡು?"

ಅವನು ಎದ್ದು ಪಾದಕ್ಕೆ ಪಾದ ಕೂಡಿಸಿ ಮೂರು ಹೆಜ್ಜೆ ಅಳೆದು ತೋರಿಸಿದ. ಲೋಡಿನ ಅಂಚಿನಿಂದ ಎಡಗಾಲಿಗೆ ಮೂರೇ ಅಡಿ.

ಮೂರು ಹದಿನೇಳಲೆ ಐವತ್ತೊಂದು. 12.6 ಅನ್ನು ಐವತ್ತೊಂದರಿಂದ ಭಾಗಿಸಿದೆ. ಚೆಂದದ ಉತ್ತರ ಬರಲಿಲ್ಲ. ನೆತ್ತಿ ಇಪ್ಪತ್ತೈದು ಅಡಿಗೆ ಮೂರಂಗುಲವೋ ನಾಲ್ಕಂಗುಲವೋ ಕಡಿಮೆ. ಗೇಟಿನ ಮೇಲೆ ಹಾದುಹೋಗುವ ಕರೆಂಟ್ ತಂತಿ ಅಷ್ಟೆತ್ತರ ಇಲ್ಲ. ಕಾಲುಗಳನ್ನು ದೂರ ಮಾಡೋಣವೆಂದರೆ ಕಾಂಕ್ರೀಟು ಕಲ್ಲಾಗಿದೆ, ಮೇಲಾಗಿ ಒಂದು ಪಕ್ಕ ಚರಂಡಿ, ಇನ್ನೊಂದು ಪಕ್ಕ ಕಾಂಪೌಂಡು. ಕಮಾನನ್ನು ಹತ್ತಡಿಗೇ ಬಿಟ್ಟು ಸಹಿ ಹಾಕಿದರೆ ತೋಟದಮ್ಮನ ದಾರಿ ಮುಚ್ಚಿತು. ಹಾಕದಿದ್ದರೆ ಐವತ್ತು ವರ್ಷದ ಶಾಲೆಗೆ ಬರಿಯ ಎರಡು ಬೋಲ್ಟು. ಪೆನ್ನು ಜೇಬಿಗೆ ಸಿಕ್ಕಿಸಿ, ಹಿಂದಕ್ಕೆ ಒರಗಿ, ಮೇಲೆ ನೋಡುತ್ತ ಕೂತೆ. ಯೋಚಿಸುತ್ತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಕುತ್ತಿಗೆ ನೋಯುತ್ತಿತ್ತು.

ತೋಟದಮ್ಮ ಮಜ್ಜಿಗೆ ತಂದರು. ಬೆಳಗಿನ ಕೋಪ ಮಜ್ಜಿಗೆಯವರೆಗೆ ಬಂದಿರಲಿಲ್ಲ.

"ಏನ್ ನೋಡ್ತಿದ್ದೀರಾ ಮ್ಯಾಲೆ?"

"ಏನಿಲ್ಲ ಅಮ್ಮ. ಅಟ್ಟ ಎಷ್ಟು ಎತ್ತರ ಇದೆ ಅಂತ."

"ನೆಲದಿಂದ್ಲಾ? ನೆಲ ಕಟ್ಕೊಂಡು ಕಾಯಿಗೇನಾಗ್ಬೇಕೈತೆ? ಅದು ಕೂರೋದು ಅಟ್ಟದ ಮ್ಯಾಲೆ."

ಶೆಡ್ಡಿನ ಅಟ್ಟವೆಂದರೆ ಆಳೆತ್ತರಕ್ಕಿಂತ ಮೇಲೆ ಅಡ್ಡ ಹಾಸಿದ ಸಂದು ಸಂದಿನ ಅಡಿಕೆಮರದ ದಬ್ಬೆಗಳು. ಕಾಯಿ ರಾಶಿ ಆ ದಬ್ಬೆಯ ಮೇಲಿಂದ ಶುರುವಾಗುತ್ತದೆ. ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಎಲ್ಲರೂ ನೋಡುವುದು ದಬ್ಬೆಯಿಂದ. ಕೆಳಗಿನ ನೆಲ ಬೇರೆ ಲೋಕ. ನಾನು ಮೂವತ್ತು ವರ್ಷ ಕಪ್ಪುಹಲಗೆಯ ಕೆಳಗಡೆ ಒಂದು ಅಡ್ಡಗೆರೆ ಎಳೆದು ಇದು x-ಅಕ್ಷ ಎಂದು ಹೇಳಿದ್ದೇನೆ. ಆ ಗೆರೆ ಅಲ್ಲೇ ಇರಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ. ಎಳೆಯುವವನು ನಾನು, ಎಲ್ಲಿ ಬೇಕಾದರೂ ಎಳೆಯಬಹುದು.

ಗೆರೆಯನ್ನು ಹತ್ತಡಿ ಮೇಲೆ ಎಳೆದೆ. ಅಲ್ಲಿಯವರೆಗೆ ನೆಟ್ಟಗಿನ ಎರಡು ಕಂಬ, ಕಮಾನು ಕಂಬದ ತಲೆಯಿಂದ ಶುರು. ಸೊನ್ನೆ ಮತ್ತು ಇಪ್ಪತ್ತು ಹಾಗೇ ಉಳಿದವು. ಮೂರನೆಯ ಅಡಿಯಲ್ಲಿ ಈಗ ಬೇಕಾದದ್ದು ಹನ್ನೆರಡೂವರೆ ಅಡಿಯಲ್ಲ, ಎರಡೂವರೆ ಚಿಲ್ಲರೆ. 2.55 ಎಂದು ಹಿಡಿದರೆ, ಐವತ್ತೊಂದರಿಂದ ಭಾಗಿಸಿ, k ಎಂದರೆ −0.05. ನೆತ್ತಿ ಗೆರೆಯಿಂದ ಐದಡಿ, ನೆಲದಿಂದ ಹದಿನೈದು. ಹೌದು, ಮತ್ತೆ ಉತ್ತರ ಚೆನ್ನಾಗಿ ಬರಲೆಂದು ಅರ್ಧ ಅಂಗುಲ ಬಿಟ್ಟುಕೊಟ್ಟಿದ್ದೆ. ಚಪಲ ಬಿಡುವ ವಯಸ್ಸು ದಾಟಿಹೋಗಿದೆ.

ಹೆಡ್ಮಾಸ್ಟರು ಹಾಳೆಯನ್ನು ನೋಡಿದರು. "ಕಂಬ ಬೇಡ ಅಂದಿದ್ನಲ್ರೀ ಮೇಷ್ಟ್ರೇ."

"ಅಂದಿದ್ರಿ ಸಾರ್."

"ನೆಲದಿಂದ ಏಳೋ ಚೆಂದವೇ ಹೋಯ್ತಲ್ಲ. ಇದು ಕಲ್ಯಾಣಮಂಟಪದ ಬಾಗಿಲು ಇದ್ದಂಗೆ ಕಾಣುತ್ತೆ."

"ಕಾಣುತ್ತೆ."

"ಮೊದಲಿಂದಕ್ಕೇ ಸಹಿ ಹಾಕ್ಬಿಡಿ ಅಂದ್ರೆ?"

ನಾನು ಸೇವೆಯಲ್ಲಿ ಯಾವ ಮೇಲಧಿಕಾರಿಗೂ ಎದುರಾಡಿದವನಲ್ಲ. ಎದುರಾಡಲು ನಿಂತುಕೊಳ್ಳಬೇಕಾಗುತ್ತದೆ. ಅವತ್ತೂ ಕೂತೇ ಇದ್ದೆ. "ಕಂಬ ಇಲ್ಲದೆ ಬೇಕಾದ್ರೆ ಇಪ್ಪತ್ತೈದು ಅಡೀದು ಕೊಡ್ತೀನಿ, ತಂತಿ ಎತ್ತಿಸೋದು ನೀವು ನೋಡ್ಕೊಳ್ಳಿ. ಹತ್ತಡೀದಕ್ಕೆ ನನ್ನ ಸಹಿ ಇಲ್ಲ ಸಾರ್. ಆ ಅಮ್ಮನ ಯಜಮಾನ್ರು ಜಾಗ ಕೊಡದೆ ಇದ್ದಿದ್ರೆ ನಾವು ಕಮಾನು ಎಲ್ಲಿ ನಿಲ್ಲಿಸ್ತಿದ್ವಿ?"

ಅವರು ಮೊಬೈಲಿನ ಫೋಟೋವನ್ನು ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ, ಆಹ್ವಾನಪತ್ರಿಕೆ ಅಚ್ಚು ಹಾಕಿಸಿದ್ದರು ಅಷ್ಟೆ. "ಆಯ್ತು, ಹಾಳಾಗ್ಲಿ, ಬೇಗ ಮುಗಿಸ್ರೀ" ಎಂದರು.

ವೆಲ್ಡರ್‌ಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವನು ನಿಂತಿದ್ದ ಕಮಾನಿನ ಸುತ್ತ ಒಂದು ಸುತ್ತು ಬಂದು ಕೇಳಿದ, "ಬಗ್ಗಿಸಿದ್ದನ್ನ ಈಗ ಬಿಚ್ಚಬೇಕಾ ಸಾ?"

"ಅರ್ಧ ಬಿಚ್ಚಬೇಕು. ಬಾಗು ಅರ್ಧಕ್ಕೆ ಇಳಿಯುತ್ತೆ."

"ಬಗ್ಗಿಸೋದು ಸುಲಭ ಸಾ. ಅರ್ಧ ಬಿಚ್ಚೋದು ಐತಲ್ಲ, ಅದು ನಿಮ್ ಪರೀಕ್ಷೆ ಇದ್ದಂಗೆ."

ಆದರೆ ಕಂಬ ಹತ್ತಡಿ ಎಂದಾಗ ಅವನ ಮುಖ ಅರಳಿತು. ಪೈಪು ಬರುವುದೇ ಇಪ್ಪತ್ತಡಿ ಉದ್ದ. ನಡುವೆ ಕುಯ್ದರೆ ಎರಡು ಕಂಬ, ಒಂದು ತುಂಡೂ ವ್ಯರ್ಥವಿಲ್ಲ. ನನ್ನ ಲೆಕ್ಕದಲ್ಲಿಲ್ಲದ ಇನ್ನೊಂದು ಮಾತನ್ನೂ ಅವನೇ ಹೇಳಿದ: ಕಮಾನು ಕಂಬದ ತಲೆಯನ್ನು ಹೊರಕ್ಕೆ ನೂಕುತ್ತದೆ, ಹಾಗಾಗಿ ಎರಡು ಕಂಬಕ್ಕೂ ಹೊರಗಡೆಯಿಂದ ಓರೆಯಾಗಿ ಒಂದೊಂದು ಆನಿಕೆ ಬೇಕು. ಸಮೀಕರಣ ಕಮಾನು ಎಲ್ಲಿರುತ್ತದೆಂದು ಹೇಳುತ್ತದೆ, ಎಲ್ಲಿಗೆ ಹೋಗಲು ನೋಡುತ್ತದೆಂದು ಹೇಳುವುದಿಲ್ಲ. ಮೂರನೆಯ ಸಲ ಪಾಸಾದವನಿಗೆ ಅದು ಗೊತ್ತಿತ್ತು.

ಈ ಸಲ ಕೋಷ್ಟಕ ಕೊಡುವ ಬದಲು ಬಾಯಲ್ಲೇ ಹೇಳಿದೆ. ಎಡಗಡೆಯಿಂದ ಎಷ್ಟು ಅಡಿ, ಬಲಗಡೆಯಿಂದ ಎಷ್ಟು ಅಡಿ, ಎರಡನ್ನೂ ಗುಣಿಸಿ ಇಪ್ಪತ್ತರಿಂದ ಭಾಗಿಸು. ಬಂದದ್ದು ಅಡಿ. ಉಳಿದ ಚಿಲ್ಲರೆಯನ್ನು ಹನ್ನೆರಡರಿಂದ ಗುಣಿಸು, ಅದು ಅಂಗುಲ. ಅವನು ಬೆರಳಿನಲ್ಲಿ ಲೆಕ್ಕ ಹಾಕುತ್ತ ಮೈದಾನದಲ್ಲಿ ಸುಣ್ಣದ ಚುಕ್ಕಿ ಇಡುತ್ತ ಹೋದ. ಐದನೆಯ ಅಡಿಗೆ ಬಂದಾಗ ತಲೆಯೆತ್ತಿ, "ಮೂರಡಿ ಒಂಬತ್ತಂಗುಲ. ಸಾ, ಇದು ಇಷ್ಟೇನಾ?" ಎಂದ.

"ಇಷ್ಟೇ."

"ಇದುಕ್ಕಾ ನಾನು ಎರಡು ಸಲ ಫೇಲಾಗಿದ್ದು?"

ಕೋಷ್ಟಕ ಬರೆದುಕೊಡುತ್ತಿದ್ದ ಮೇಷ್ಟ್ರು ನಾನು; ಟೇಪಿನ ತುದಿ ಹಿಡಿದು ಆರನೆಯ ಅಡಿಗೆ ಸರಿದೆ.

ಹಳೆಯ ಕಮಾನನ್ನು ಇಳಿಸಿ, ಬಿಸಿ ಮಾಡಿ, ಬಡಿದು, ನೆಲದ ಸುಣ್ಣದ ಗೆರೆಯ ಮೇಲೆ ಮಲಗಿಸಿ, ಕೂಡದ ಕಡೆ ಮತ್ತೆ ಎಬ್ಬಿಸಿ ಬಡಿದು, ಐದು ದಿನವಾಯಿತು. ಎರಡು ದಿನ ಕರೆಂಟಿರಲಿಲ್ಲ. ಒಂದು ದಿನ ಮಳೆ ಬಂದು ಸುಣ್ಣದ ಗೆರೆ ತೊಳೆದುಹೋಯಿತು, ಮತ್ತೆ ಎಳೆದೆವು. ನಾನು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದೆ. ನನ್ನಿಂದ ಆಗಬೇಕಾದದ್ದೇನೂ ಇರಲಿಲ್ಲ. ಎದ್ದು ಹೋಗಲು ಮಾತ್ರ ಮನಸ್ಸಾಗಲಿಲ್ಲ.

ಸಮಾರಂಭದ ಹಿಂದಿನ ದಿನ ಬೆಳಿಗ್ಗೆ ತೋಟದಮ್ಮನಿಗೆ ಹೇಳಿ ಕಳಿಸಿದೆವು. ಡ್ರೈವರು ಯಾವತ್ತಿನಂತೆ ಎಡಕ್ಕೆ ಒತ್ತಿಕೊಂಡು ಬಂದ. ಮೂಲೆ ಕಮಾನಿನ ಕೆಳಗೆ ಬಂದಾಗ ನಿಲ್ಲಿಸು ಎಂದು ವೆಲ್ಡರು ಕೈಯೆತ್ತಿ, ಏಣಿ ಹತ್ತಿ ಟೇಪು ಹಿಡಿದ. ತೋಟದಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

"ಎಷ್ಟೈತ್ಲಾ?"

"ಐದೂವರೆ ಅಂಗುಲ ಕಣಜ್ಜಿ."

ಲೆಕ್ಕದ ಪ್ರಕಾರ ಆರೂವರೆ ಇರಬೇಕಿತ್ತು. ಟ್ರಾಕ್ಟರು ಬಲಕ್ಕೆ ತಿರುಗಿ ಫ್ಯಾಕ್ಟರಿಗೆ ಹೋಯಿತು.